ಗೋಣಣ್ಣ ಅಡ್ಡಡ್ಡ ತಲೆಯಾಡಿಸಿದ್ದು

ಗೋಣಣ್ಣನ ಕತ್ತಿಗೆ ಗೊತ್ತಿದ್ದದ್ದು ಒಂದೇ ದಾರಿ, ಮೇಲಿಂದ ಕೆಳಕ್ಕೆ. ಹುಟ್ಟಿದಾಗ ದಾದಿ ಎತ್ತಿಕೊಂಡು "ಏನೋ ಮರಿ, ಅಳದೆ ಜಾಣನ ಹಾಗೆ ಇರ್ತೀಯಾ?" ಅಂದದ್ದಕ್ಕೆ ಕೂಸು ಗೋಣು ಹಾಕಿತಂತೆ. ಶಾಲೆಯಲ್ಲಿ ಮೇಷ್ಟ್ರು "ಕಿಟಕಿ ಗಾಜು ಒಡೆದದ್ದು ನೀನೇನಾ?" ಎಂದು ಕೇಳಿದಾಗಲೆಲ್ಲ ತಲೆಯಾಡಿಸಿ ಆಡಿಸಿ, ಇಡೀ ಶಾಲೆಯ ಒಡೆದ ಗಾಜೆಲ್ಲ ಅವನ ತಲೆಗೇ ಬಂತು. ಅವನು ಶಾಲೆಗೆ ಸೇರುವ ಮೊದಲು ಒಡೆದಿದ್ದ ಗಾಜನ್ನೂ ಬಿಡಲಿಲ್ಲ. ಮನೆಮನೆಗೆ ಸಾಮಾನು ಹೊತ್ತು ಮಾರುವವರು ಬೇರೆ ಊರುಗಳಿಂದ ರೈಲು ಹಿಡಿದು ಅವನ ಬೀದಿಗೆ ಬರುತ್ತಿದ್ದರು. ಹಾಗಾಗಿ ಮನೆಯಲ್ಲಿ ಕೊಡೆಗಳ ಒಂದು ಕಾಡೇ ಬೆಳೆದಿತ್ತು. ಇಸ್ತ್ರಿಪೆಟ್ಟಿಗೆಗಳಿಗೆ ಒಂದು ಕಪಾಟು ಬೇರೆ. ಅಪ್ಪ ಅಮ್ಮ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬೆಚ್ಚಗೆ ಮಲಗಿತ್ತು. ಊರಿಗೆಲ್ಲ ಅವನು ಗೋಣಣ್ಣನೇ.

ಕಸುಬು ಫ್ರಿಜ್ ರಿಪೇರಿ. ಮದುವೆಯಾದದ್ದೂ ಅದರಿಂದಲೇ. ಒಂದು ಮನೆಗೆ ಫ್ರಿಜ್ ನೋಡಲು ಹೋಗಿದ್ದಾಗ ಆ ಮನೆಯ ಯಜಮಾನಿ, "ಜೀವಮಾನಪೂರ್ತಿ ಕೆಡದ ಹಾಗೆ ನೋಡ್ಕೋತೀಯೇನಪ್ಪಾ?" ಎಂದು ಕೇಳಿದರು. ಗೋಣಣ್ಣ ತಲೆಯಾಡಿಸಿದ. ಆ ಗಳಿಗೆಯಲ್ಲಿ ಫ್ರಿಜ್ಜಿನ ಪಕ್ಕ ಮಗಳೂ ನಿಂತಿದ್ದಳು. ಆ ಮಾತು ಯಾವುದರ ಬಗ್ಗೆ ಎಂಬುದು ಮದುವೆಯಾಗಿ, ಅವರಿಗೆ ಹುಟ್ಟಿದ ಕೂಸು ಕಾಲೇಜಿಗೆ ಹೋಗುವ ಹೊತ್ತಿಗೂ ಇತ್ಯರ್ಥವಾಗಿರಲಿಲ್ಲ. ಆದರೆ ಫ್ರಿಜ್ಜೂ ಹೆಂಡತಿಯೂ ಇಬ್ಬರೂ ಮನೆಗೆ ಬಂದರು, ಹಿಂದೆಯೇ ಅತ್ತೆಯೂ ಬಂದರು.

ಇಂಥ ಗೋಣಣ್ಣ ಒಂದು ರಾಕ್ ಬ್ಯಾಂಡಿನಲ್ಲಿದ್ದ. ಹೆಸರು 'ತುಕ್ಕು'. ಅವನ ವರ್ಕ್‌ಶಾಪಿನಲ್ಲಿ, ಸತ್ತ ಫ್ರಿಜ್ಜುಗಳ ನಡುವೆ ಅಭ್ಯಾಸ ಮಾಡುತ್ತಿದ್ದರಿಂದ ಬೇರೆ ಹೆಸರು ಯಾರಿಗೂ ಹೊಳೆಯಲಿಲ್ಲ. ಹಾಡುವವಳು ಶಿಶುವಿಹಾರದ ಟೀಚರ್. ಅವಳು ಒಮ್ಮೆ ದನಿ ಎತ್ತಿದರೆ ಮೂರು ಬೀದಿಯಾಚೆಯ ಮಕ್ಕಳು ತಾವಾಗಿಯೇ ಎದ್ದು ಹಾಲು ಕುಡಿದು ಲೋಟ ತೊಳೆದಿಡುತ್ತಿದ್ದವು. ಡ್ರಮ್ಸ್ ಬಾರಿಸುವವನು ಬೇಕರಿಯವನು. ಹಿಟ್ಟು ನಾದಿ ನಾದಿ ಅವನ ತೋಳುಗಳು ಅವನಿಗಿಂತ ಮುಂಚೆ ಬಾಗಿಲು ದಾಟುತ್ತಿದ್ದವು. ಗಿಟಾರ್ ಹಲ್ಲಿನ ಡಾಕ್ಟರದು, ಮುಂದಾಳುತನವೂ ಅವರದೇ. ದಿನವಿಡೀ ಬಾಯಿ ತೆರೆದು ಮಲಗಿದವರ ಜೊತೆಗೇ ಮಾತಾಡಿ ರೂಢಿಯಾದ್ದರಿಂದ, ಯಾರಾದರೂ ಎದುರಾಡಬಹುದು ಎಂಬುದೇ ಅವರಿಗೆ ಮರೆತುಹೋಗಿತ್ತು.

ಗೋಣಣ್ಣನದು ಬೇಸ್ ಗಿಟಾರ್. ನಾಲ್ಕೇ ತಂತಿ, ಒಂದೊಂದೂ ಬಟ್ಟೆ ಒಣಹಾಕಬಹುದಾದಷ್ಟು ದಪ್ಪ. ಅದರ ದನಿ ಹಾಡಿನ ತಳದಲ್ಲಿ ಕೂತಿರುತ್ತದೆ, ಹೊರಗೆ ಮುಖ ತೋರಿಸುವುದಿಲ್ಲ. ಅತ್ತೆಗೆ ತಕರಾರಿದ್ದದ್ದು ಅಲ್ಲೇ. ಪ್ರತಿ ಕಾರ್ಯಕ್ರಮಕ್ಕೂ ಮೊದಲ ಸಾಲಿನಲ್ಲಿ ಕೂತು, ಮನೆಗೆ ಬಂದ ಮೇಲೆ ಚಪ್ಪಲಿ ಬಿಡುತ್ತಲೇ ಶುರುಮಾಡುತ್ತಿದ್ದರು.

"ಅಳಿಯಂದ್ರೇ, ನಿಮ್ಮದಕ್ಕೆ ಕರೆಂಟ್ ಕೊಟ್ಟಿರ್ತಾರಾ, ಇಲ್ಲಾ ಸುಮ್ನೆ ಕುತ್ತಿಗೆಗೆ ನೇತುಹಾಕಿರ್ತಾರಾ?"

"ಅಮ್ಮಾ, ಸುಮ್ನಿರು," ಎನ್ನುತ್ತಿದ್ದಳು ಹೆಂಡತಿ.

"ನಾನೇನು ತಪ್ಪು ಕೇಳಿದೆ? ಡಾಕ್ಟ್ರದ್ದು ಕೇಳುತ್ತೆ, ಬೇಕರಿಯವನದ್ದು ಕೇಳುತ್ತೆ, ಆ ಟೀಚರಮ್ಮನದ್ದು ಕಿವಿ ಮುಚ್ಕೊಂಡ್ರೂ ಕೇಳುತ್ತೆ. ಇವರದ್ದು ಒಂದು ದಿನಾನಾದ್ರೂ ಕೇಳ್ತಾ? ನೀನೇ ಹೇಳು."

ಹೆಂಡತಿ ಲೋಟ ತೊಳೆಯಲು ಹೋಗುತ್ತಿದ್ದಳು. ಅವಳಿಗೂ ಕೇಳಿರಲಿಲ್ಲ.

'ತುಕ್ಕು' ಆಲ್ಬಂ ಮಾಡುತ್ತದೆ, ಅದಕ್ಕೆ ನಿಜವಾದ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಎಂದು ಗೊತ್ತಾದ ದಿನ ಅತ್ತೆ ಅಳಿಯನನ್ನು ಎದುರಿಗೆ ಕೂರಿಸಿಕೊಂಡರು. "ಸರಿ, ಸ್ಟುಡಿಯೋ ಅಂದ್ರೆ ಸೂಜಿ ಬಿದ್ರೂ ಕೇಳಿಸುತ್ತಂತೆ. ಅದರಲ್ಲಾದ್ರೂ ನಿಮ್ಮದು ಕೇಳುತ್ತಾ?"

ಗೋಣಣ್ಣ ತಲೆಯಾಡಿಸಿದ. ಜೀವನದಲ್ಲಿ ಅವನು ಹಾಕಿದ ಗೋಣುಗಳನ್ನು ಸಾಲಾಗಿ ಜೋಡಿಸಿದರೆ ಭೂಮಿಗೆ ಎರಡು ಸುತ್ತು ಬರುತ್ತಿತ್ತು. ಅಷ್ಟರಲ್ಲಿ ಮನಸ್ಸಿನಿಂದ ಹೊರಟದ್ದು ಇದೊಂದೇ.

ಸ್ಟುಡಿಯೋ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತಿದರೆ ಉದ್ದದ ಹಜಾರ, ಒಂದು ಹಳೇ ಸೋಫಾ, ನರಳುತ್ತಿದ್ದ ಒಂದು ಫ್ರಿಜ್. ಒಳಗೆ ಒಂದು ದೊಡ್ಡ ಕೋಣೆ, ಅದರ ಸುತ್ತ ಬಚ್ಚಲಮನೆಯಷ್ಟು ಚಿಕ್ಕ ಕೋಣೆಗಳು, ಗೋಡೆಗೆಲ್ಲ ಸ್ಪಂಜು. ಗಾಜಿನ ಆಚೆ ನೂರಾರು ಗುಂಡಿಗಳ ಮುಂದೆ ಸೌಂಡ್ ಎಂಜಿನಿಯರ್ ಕೂತಿದ್ದ. ಒಳ್ಳೆಯ ಹುಡುಗ, ಆದರೆ ಸದ್ದಿನ ವಿಷಯದಲ್ಲಿ ಮಡಿವಂತ. ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ತಾಗಿದರೆ ಅವನಿಗೆ ಮೈಯೆಲ್ಲ ತುರಿಕೆ. ಬೇಕರಿಯವನನ್ನು ಒಂದು ಕೋಣೆಗೆ, ಡಾಕ್ಟರನ್ನು ಇನ್ನೊಂದಕ್ಕೆ, ಟೀಚರನ್ನು ಮತ್ತೊಂದಕ್ಕೆ ಹಾಕಿ ಬಾಗಿಲು ಜಡಿದ. ಎಲ್ಲರ ಕಿವಿಗೂ ಹೆಡ್‌ಫೋನ್. ತಾಳ ತಪ್ಪದಿರಲೆಂದು ಅದರಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಟಿಕ್.

ಗೋಣಣ್ಣನ ಸರದಿ ಬಂತು. ಅವನ ಸ್ಪೀಕರ್ ಪೆಟ್ಟಿಗೆ ಅವನೇ ಹಳೇ ಫ್ರಿಜ್ಜಿನ ಒಡಲಿನಲ್ಲಿ ಕೂರಿಸಿದ್ದು. ಸ್ವಿಚ್ ಹಾಕಿದ್ದೇ ತಡ, ಗುಂಯ್ ಎಂದಿತು.

ಎಂಜಿನಿಯರ್ ಓಡಿ ಬಂದ. "ಅಣ್ಣಾ, ಇದು ಆಗಲ್ಲ ಅಣ್ಣಾ. ಬೇಸ್ ನಾನೇ ಆಮೇಲೆ ಕೀಬೋರ್ಡಲ್ಲಿ ಹಾಕ್ತೀನಿ. ಈಗ ಎಷ್ಟೋ ಜನ ಹಾಗೇ ಮಾಡೋದು. ಯಾರಿಗೂ ಗೊತ್ತಾಗಲ್ಲ."

ಟೀಚರ್ ಬಾಗಿಲಿಂದ ತಲೆ ಹಾಕಿದಳು. "ಅಯ್ಯೋ, ಗೋಣಣ್ಣ ಇಲ್ದೆನಾ?"

ಡಾಕ್ಟರ್ ಗಂಟಲು ಸರಿಮಾಡಿಕೊಂಡರು. "ನೋಡಿ, ಗೋಣಣ್ಣ ಒಪ್ಪಿದ್ರೆ ನಮ್ಮದೇನೂ ಇಲ್ಲ. ಬೇಜಾರಿಲ್ಲ ತಾನೇ ಗೋಣಣ್ಣ?"

ಗೋಣಣ್ಣನ ಎದೆಯೊಳಗೆ 'ಬೇಡ' ಎಂಬ ಮಾತು ಹುಟ್ಟಿ, ಎದ್ದು, ಚಪ್ಪಲಿ ಹಾಕಿಕೊಂಡು ಹೊರಡುವಷ್ಟರಲ್ಲಿ ಕತ್ತು ತನ್ನ ಕೆಲಸ ಮುಗಿಸಿಬಿಟ್ಟಿತ್ತು. ಮೇಲಿಂದ ಕೆಳಕ್ಕೆ. ತನ್ನ ಆಲ್ಬಂನಿಂದ ತನ್ನನ್ನು ತಾನೇ ಗೋಣು ಹಾಕಿ ಹೊರಗೆ ಕಳಿಸಿಕೊಂಡ ಕಲಾವಿದ ಅವನೊಬ್ಬನೇ ಇರಬೇಕು.

ಹಜಾರದ ಸೋಫಾದಲ್ಲಿ ಕೂತ. ಕೂತು ಮಾಡುವುದೇನು? ನರಳುತ್ತಿದ್ದ ಫ್ರಿಜ್ಜನ್ನು ಬಿಚ್ಚಿ ಹರಡಿಕೊಂಡ.

ಒಳಗೆ ರೆಕಾರ್ಡಿಂಗ್ ಶುರುವಾಯಿತು. ಶುರುವಾಯಿತು ಎನ್ನುವುದೇ ತಪ್ಪು. ಬೇಕರಿಯವನು ಟಿಕ್ ಟಿಕ್ ಜೊತೆ ಜಗಳಕ್ಕಿಳಿದ. ಅದು ಒಂದು ಹೆಜ್ಜೆ ಇಟ್ಟರೆ ಇವನು ಒಂದೂವರೆ ಇಟ್ಟ. ಡಾಕ್ಟರ ಗಿಟಾರ್ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಹಿಂದೆ ಹಿಂದೆ ಉಳಿಯಿತು. ಟೀಚರ್ ಯಾರ ಜೊತೆ ಹೋಗಬೇಕೆಂದು ತಿಳಿಯದೆ ಇಬ್ಬರ ನಡುವೆ ರಸ್ತೆ ದಾಟಲಾರದ ಮಗುವಿನಂತೆ ನಿಂತಳು. ಎಷ್ಟು ಸಲ ನುಡಿಸಿದರೂ ಅದೇ ಕತೆ. ಹಾಡು ಮುಗಿಯುವ ಹೊತ್ತಿಗೆ ಬೇಕರಿಯವನು ಮುಗಿಸಿ ನೀರು ಕುಡಿಯುತ್ತಿದ್ದ, ಡಾಕ್ಟರ್ ಇನ್ನೂ ಹಾಡಿನ ನಡುಮನೆಯಲ್ಲಿದ್ದರು.

"ನಿಮಗೆ ವಯಸ್ಸಾಯ್ತು ಡಾಕ್ಟ್ರೇ!"

"ನಿನಗೆ ಒಲೆಯೊಳಗೆ ಬನ್ನು ಸೀದುಹೋಗ್ತಿದೆಯೇನೋ? ಯಾಕಷ್ಟು ಅವಸರ?"

ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಇದ್ದರು. "ಕೇಳಿಸ್ತಾ?" ಗೋಣಣ್ಣ ತಲೆಯಾಡಿಸಿದ, ಆದರೆ ಕಣ್ಣು ನೆಲದ ಮೇಲಿತ್ತು. ಹೆಂಡತಿ ಅದನ್ನು ಕಂಡಳು. "ರೀ, ಊಟಕ್ಕೆ ಬನ್ನಿ," ಎಂದಳೇ ಹೊರತು ಬೇರೇನೂ ಕೇಳಲಿಲ್ಲ. ಅವಳು ಕೇಳದಿದ್ದದ್ದು ಅವನಿಗೆ ಇನ್ನೂ ಚುಚ್ಚಿತು.

ಮಾರನೆಯ ದಿನ ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು, ಅಮ್ಮನನ್ನೂ ಕರೆದುಕೊಂಡು, ಹೇಳದೆ ಕೇಳದೆ ಸ್ಟುಡಿಯೋ ಮೆಟ್ಟಿಲು ಹತ್ತಿದಳು. ಹಜಾರದಲ್ಲಿ ಕಂಡದ್ದು ಫ್ರಿಜ್ಜಿನೊಳಗೆ ತಲೆ ಹುದುಗಿಸಿದ್ದ ಗಂಡ.

"ಏನ್ರೀ ಇದು? ಎಲ್ರೂ ಒಳಗೆ, ನೀವೊಬ್ರು ಹೊರಗೆ?"

ಗೋಣಣ್ಣ ನಡೆದದ್ದನ್ನು ಹೇಳಿದ. ಹೆಂಡತಿಯ ಮೂಗಿನ ತುದಿ ಕೆಂಪಾಯಿತು. ಆ ಮೂಗು ಕೆಂಪಾದರೆ ಬೀದಿನಾಯಿಗಳು ಪಕ್ಕದ ಬೀದಿಗೆ ವರ್ಗವಾಗುತ್ತಿದ್ದವು. "ಕೇಳಿದ್ದಕ್ಕೆಲ್ಲ ತಲೆಯಾಡಿಸೋಕೆ ಅದೇನು ತಲೆಯೋ, ಕೀಲು ಕಳಚಿದ ಬಾಗಿಲೋ!" ಎಂದವಳೇ ಡಬ್ಬಿ ಕುಕ್ಕಿ, ಅವನ ತೋಳು ಹಿಡಿದು, ಎಂಜಿನಿಯರ್ ಕೂತಿದ್ದ ಕೋಣೆಗೆ ಎಳೆದುಕೊಂಡು ಹೋದಳು. ಹಿಂದೆ ಅತ್ತೆ.

ಒಳಗೆ ಗದ್ದಲವೋ ಗದ್ದಲ. ಎಲ್ಲರೂ ಕೋಣೆಗಳಿಂದ ಹೊರಬಂದು ಒಬ್ಬರ ಮೇಲೊಬ್ಬರು ಹಾರಾಡುತ್ತಿದ್ದರು. ಎಂಜಿನಿಯರ್ ತಲೆ ಮೇಲೆ ಕೈ ಹೊತ್ತಿದ್ದ. "ನೀವು ವೇದಿಕೆ ಮೇಲೆ ಅಷ್ಟು ಚೆನ್ನಾಗಿ ನುಡಿಸ್ತೀರಲ್ಲ, ಅಲ್ಲಿ ಹೇಗೆ ತಾಳ ಹಿಡೀತೀರಿ?"

ಬೇಕರಿಯವನು ಡಾಕ್ಟರ ಕಡೆ ಬೆರಳು ತೋರಿಸಿದ, ಡಾಕ್ಟರ್ ಬೇಕರಿಯವನ ಕಡೆ. ಯಾರಿಗೂ ಗೊತ್ತಿರಲಿಲ್ಲ.

"ಅದಕ್ಕೇನು, ನಾನು ಹೇಳ್ತೀನಿ," ಎಂದರು ಅತ್ತೆ, ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂರುತ್ತ. "ನಮ್ಮ ಅಳಿಯಂದ್ರದ್ದು ನಂಗೆ ಕೇಳಲ್ಲ. ಕೇಳದಿದ್ಮೇಲೆ ಮೊದಲ ಸಾಲಲ್ಲಿ ಕೂತು ಏನು ನೋಡ್ಲಿ? ಇವರ ತಲೆ ನೋಡ್ತಾ ಕೂತಿರ್ತೀನಿ. ನುಡಿಸೋವಾಗ ಒಂದೇ ಸಮ ಮೇಲೆ ಕೆಳಗೆ, ಮೇಲೆ ಕೆಳಗೆ. ನೀವೂ ಅದನ್ನೇ ನೋಡ್ತಿರ್ತೀರಲ್ಲ!"

"ನಾನಾ?" ಎಂದ ಬೇಕರಿಯವನು.

"ನೀನೇ. ದೋಣಿಗೆ ಕಟ್ಟಿದ ಹಗ್ಗದ ಹಾಗೆ ಕಣ್ಣನ್ನ ಇವರ ತಲೆಗೇ ಕಟ್ಟಿರ್ತೀಯ. ಡಾಕ್ಟ್ರು ಕಣ್ಣು ಮುಚ್ಚಿ ಭಾರೀ ನುಡಿಸ್ತಾರೆ, ಆದ್ರೆ ಒಂದು ಕಣ್ಣು ಅರ್ಧ ತೆರೆದು ಕದ್ದು ನೋಡ್ತಾರೆ. ಈಯಮ್ಮ ಉಸಿರು ತಗೊಳ್ಳೋದೇ ಇವರ ಗದ್ದ ಕೆಳಗೆ ಬಂದಾಗ."

ಡಾಕ್ಟರ್ ಮೊದಲ ಸಲ, ತಾವೇ ಹಲ್ಲು ತೋರಿಸಲು ಬಂದವರಂತೆ ಬಾಯಿ ತೆರೆದು ಕೂತರು. ಟೀಚರ್ ನಿಧಾನಕ್ಕೆ, "ಹೌದಲ್ವಾ..." ಎಂದಳು.

ಎಲ್ಲರನ್ನೂ ದೊಡ್ಡ ಕೋಣೆಯಲ್ಲಿ, ಗೋಣಣ್ಣನ ಸುತ್ತ ಕೂರಿಸುವುದೆಂದು ತೀರ್ಮಾನವಾಯಿತು. ಟಿಕ್ ಟಿಕ್ ಬೇಡ. ಎಂಜಿನಿಯರ್ ತುರಿಸಿಕೊಳ್ಳುತ್ತಲೇ ಒಪ್ಪಿ, ಬ್ಯಾಂಡಿನವರ ಜೊತೆ ಆ ಕೋಣೆಗೆ ಬಂದ; ಅತ್ತೆಯೂ ಹೆಂಡತಿಯೂ ಗಾಜಿನ ಆಚೆಯೇ ಉಳಿದರು. ಆದರೆ ಅವನಿಗೊಂದು ಉಪಾಯ ಹೊಳೆಯಿತು.

"ಸರಿ, ಹಾಗಾದ್ರೆ ಅಣ್ಣ ನಡುವೆ ಕೂತು ತಲೆ ಮಾತ್ರ ಆಡಿಸಲಿ. ಪೆಟ್ಟಿಗೆ ಆನ್ ಮಾಡೋದು ಬೇಡ. ಬೇಸ್ ಹೇಗೂ ಕೀಬೋರ್ಡಲ್ಲಿ ಹಾಕ್ತೀನಿ. ಆಗಬಹುದು ತಾನೇ ಅಣ್ಣಾ?"

ಎಲ್ಲರೂ ಗೋಣಣ್ಣನ ಕಡೆ ತಿರುಗಿದರು. ಕೇಳಿದ್ದಕ್ಕೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಎಂಜಿನಿಯರ್ ಆಗಲೇ ವೈರ್ ಕೀಳಲು ಬಗ್ಗಿದ್ದ.

ಕತ್ತು ಎಂದಿನಂತೆ ಕೆಳಗೆ ಹೊರಟಿತು. ಗದ್ದ ಎದೆಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಅವನ ಕಣ್ಣು ಗಾಜಿನಾಚೆ ಕೂತಿದ್ದ ಅತ್ತೆಯ ಮೇಲೆ ಬಿತ್ತು. ಅವರು ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿಕೊಂಡು, ಕೇಳಲು ಸಿದ್ಧವಾಗಿ ಕೂತಿದ್ದರು.

ಕತ್ತು ನಿಂತಿತು. ಇದ್ದಲ್ಲೇ ನಡುಗಿತು. ಆಮೇಲೆ ಎಣ್ಣೆ ಕಾಣದ ಕೀಲಿನಂತೆ, ಆ ಸ್ಪಂಜಿನ ಗೋಡೆಗಳಿಗೂ ಕೇಳುವ ಹಾಗೆ ಕಿರ್ ಎಂದು, ಎಡಕ್ಕೆ ತಿರುಗಿತು. ಅಲ್ಲಿಂದ ಬಲಕ್ಕೆ. ಕೆಳಗಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಗಳ ಡಬ್ಬಿಯೊಂದು ತಾನಾಗಿಯೇ ಉರುಳಿತೆಂದು ಹೇಳುವವರಿದ್ದಾರೆ.

"ಬೇಡ," ಎಂದ ಗೋಣಣ್ಣ. ಆ ಮಾತು ಬಾಯಿಗೆ ಹೊಸದಾಗಿದ್ದರಿಂದ ಇನ್ನೊಮ್ಮೆ ಹೇಳಿ ನೋಡಿದ. "ಬೇಡ ಕಣಪ್ಪಾ. ತಲೆ ಬೇಕಾದ್ರೆ ಗಿಟಾರೂ ಬೇಕು. ನಾನೇ ನುಡಿಸ್ತೀನಿ."

ಎಂಜಿನಿಯರ್ ಬಗ್ಗಿದವನು ಬಗ್ಗಿದಂತೆಯೇ ಉಳಿದ. "ಆದ್ರೆ ಆ ಗುಂಯ್..."

"ಅದು ಅರ್ಥಿಂಗ್ ವೈರ್ ಸಡಿಲ ಆಗಿದ್ದಕ್ಕೆ. ನಿನ್ನೆನೇ ಹೇಳ್ತಿದ್ದೆ, ಡಾಕ್ಟ್ರು ಬೇರೆ ಪ್ರಶ್ನೆ ಕೇಳಿಬಿಟ್ರು," ಎಂದು ಗೋಣಣ್ಣ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ತಿರುಗಿಸಿದ. ಗುಂಯ್ ಬಾಯಿ ಮುಚ್ಚಿತು.

ಗಾಜಿನ ಆಚೆ ಹೆಂಡತಿ ಅಮ್ಮನ ಭುಜ ಹಿಡಿದುಕೊಂಡಳು. "ಅಮ್ಮಾ, ಬೇಡ ಅಂದ್ರು! ನೋಡಿದ್ಯಾ?"

"ನೋಡ್ದೆ ಬಿಡು, ಇನ್ಮೇಲೆ ನಿನ್ನ ಕಷ್ಟ ನಿಂಗೆ," ಎಂದರು ಅತ್ತೆ.

ಗೋಣಣ್ಣ ನಡುವೆ ನಿಂತ. ತಲೆ ಒಮ್ಮೆ ಕೆಳಗೆ ಬಂತು, ಅದರ ಜೊತೆಗೇ ಬೇಕರಿಯವನ ತೋಳು ಬಂತು, ಡಾಕ್ಟರ ಗಿಟಾರು ಬಂತು, ಟೀಚರ ದನಿ ಬಂತು. ಒಟ್ಟಿಗೆ! ಎರಡು ದಿನ ಹಾದಿ ತಪ್ಪಿ ಅಲೆದ ಹಾಡು ಮನೆಯ ದೀಪ ಕಂಡ ಹಾಗೆ ಓಡಿತು. ಸ್ಪಂಜು ಗೋಡೆ ಬಿಟ್ಟು ಮುಂದಕ್ಕೆ ಬಾಗಿ ಕೇಳಿತು. ಒಬ್ಬರ ಸದ್ದು ಒಬ್ಬರ ಮೈಕಿಗೆ ಧಾರಾಳವಾಗಿ ಸೋರಿತು, ಆದರೆ ಎಂಜಿನಿಯರನಿಗೆ ತುರಿಸಿಕೊಳ್ಳುವುದೇ ಮರೆತುಹೋಗಿತ್ತು. ಗುಂಡಿಗಳ ಮೇಲೆ ಕೈಯಿಟ್ಟು ಅವನೂ ಮೇಲೆ ಕೆಳಗೆ ತಲೆಯಾಡಿಸುತ್ತಿದ್ದ. ಹಾಡು ಮುಗಿದಾಗ ಟೀಚರ್ ಎತ್ತಿದ್ದ ಕೊನೆಯ ಸ್ವರ ಇಳಿಯಲು ಒಪ್ಪದೆ, ಹಜಾರಕ್ಕೆ ಹೋಗಿ ಒಂದು ಸುತ್ತು ಹಾಕಿ ಬಂತು.

"ಇನ್ನೊಂದು ಸಲ ಬೇಕಾ?" ಎಂದು ಕೇಳಿದರು ಡಾಕ್ಟರ್, ಎಂಜಿನಿಯರನನ್ನಲ್ಲ, ಗೋಣಣ್ಣನನ್ನು.

ಗೋಣಣ್ಣ ಅಡ್ಡಡ್ಡ ತಲೆಯಾಡಿಸಿದ. ರುಚಿ ಹತ್ತಿತ್ತು. "ಬೇಡ. ಇದೇ ಸರಿಯಾಗಿದೆ. ಮುಂದಿನ ಹಾಡು ಹಿಡೀರಿ."

ಹಾಗೆ ಹಿಡಿದ ಹಾಡುಗಳೆಲ್ಲ ಸೇರಿ ಆಲ್ಬಂ ಆಯಿತು. ಮೇಲಿನ ಚಿತ್ರ ಬಾಗಿಲು ತೆರೆದ ಹಳೇ ಫ್ರಿಜ್ಜಿನದು, ಹೆಸರು 'ಹೂಂ'. ಅದು ಬಂದ ಭಾನುವಾರ ಮನೆಯವರೆಲ್ಲ ನಡುಮನೆಯಲ್ಲಿ ಕೂತರು. ಬೇಕರಿಯವನು ಒಂದು ಬುಟ್ಟಿ ಬನ್ನು ತಂದಿದ್ದ. ಅತ್ತೆ ಫ್ಯಾನ್ ಆರಿಸಿ, ಮಾತಾಡುವವರನ್ನು ಗದರಿಸಿ, ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟು ಕೂತರು.

ಹಾಡು ಶುರುವಾಯಿತು. ಮೊದಲು ಬೇಸ್ ಒಂದೇ, ಡುಂ, ಡುಂ, ಡುಂ. ಅಡುಗೆಮನೆಯ ತಟ್ಟೆಗಳು ಒಂದಕ್ಕೊಂದು ಮೈ ತಾಗಿಸಿದವು. ಕೊಡೆಗಳ ಕಾಡಿನಲ್ಲಿ ಗಾಳಿ ಬೀಸಿದಂತಾಯಿತು.

ಅತ್ತೆ ಹುಬ್ಬು ಗಂಟಿಕ್ಕಿದರು. "ಇದೇನಾ ನಿಮ್ಮದು?"

ಗೋಣಣ್ಣ ಉಸಿರು ಬಿಗಿಹಿಡಿದು ತಲೆಯಾಡಿಸಿದ.

"ಅಯ್ಯೋ ನನ್ನ ಕರ್ಮವೇ! ಇದು ನಂಗೆ ಮೊದಲಿಂದಲೂ ಕೇಳ್ತಿತ್ತಲ್ಲ! ಪ್ರತಿ ಕಾರ್ಯಕ್ರಮದಲ್ಲೂ ಕೇಳ್ತಿತ್ತು. ನಾನು ಹೊರಗೆ ಜನರೇಟರ್ ಇಟ್ಟಿದ್ದಾರೆ ಅಂದ್ಕೊಂಡಿದ್ದೆ!" ಅವರು ಕಿವಿಯನ್ನು ಸ್ಪೀಕರಿಗೆ ಇನ್ನಷ್ಟು ಹತ್ತಿರ ಒಯ್ದರು. "ಎಷ್ಟು ಚೆನ್ನಾಗಿ ಓಡುತ್ತೆ ಈ ಜನರೇಟರ್ ಅಂತ ಎಷ್ಟು ಸಲ ಅನ್ಕೊಂಡಿದ್ದೀನಿ, ಗೊತ್ತಾ ಅಳಿಯಂದ್ರೇ?"

ಮನೆ ಸೂರು ಹಾರಿಹೋಗುವ ಹಾಗೆ ನಕ್ಕಿತು. ಗೋಣಣ್ಣ ನಗಲಿಲ್ಲ. ಅತ್ತೆಯನ್ನೇ ನೋಡುತ್ತಿದ್ದ. ಅವರ ತಲೆ, ತಮಗೇ ಗೊತ್ತಿಲ್ಲದೆ, ಮೇಲೆ ಕೆಳಗೆ ಆಡಲು ಶುರುಮಾಡಿತ್ತು.

ಪಕ್ಕದ ಮನೆಯವರು ಗೋಡೆ ಬಡಿದರು. ಹೆಂಡತಿ ಕೂಗಿ ಕೇಳಿದಳು, "ರೀ, ಸ್ವಲ್ಪ ಕಡಿಮೆ ಮಾಡ್ತೀರಾ?"

ಗೋಣಣ್ಣ ನಿಧಾನವಾಗಿ, ಮನಸಾರೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಯಾಡಿಸಿದ. ಅತ್ತೆ ಕೈ ಚಾಚಿ ಸದ್ದನ್ನು ಇನ್ನಷ್ಟು ಏರಿಸಿದರು.