ಕೊಂಬು ಕೊಯ್ದ ರಿವಾಲ್ವರ್

ಅಪ್ಪನ ರಿವಾಲ್ವರಿನ ಕೊಂಬನ್ನು ರೋಸಲೀ ಹುಡಾಕ್ ಗರಗಸದಿಂದ ಕೊಯ್ದು ಹಾಕಿದಳೆಂಬ ಸುದ್ದಿ ಊರೆಲ್ಲ ಹಬ್ಬಲು ಒಂದು ಭಾನುವಾರದ ಪೂಜೆ ಸಾಕಾಯಿತು. ಇಗರ್ಜಿಯ ಅಡುಗೆಮನೆಯಲ್ಲಿ ಪಿರೋಗಿ ಕಡುಬಿಗೆ ಹಿಟ್ಟು ಲಟ್ಟಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಅವಳತ್ತ ನೋಡಿದರು. ಅವಳು ಬೆಂದ ಆಲೂಗಡ್ಡೆ ನುರಿಯುತ್ತಲೇ ಇದ್ದಳು.

"ಹೌದು, ಕೊಯ್ದೆ," ಎಂದಳು. "ಬಯ್ಯೋದಿದ್ರೆ ಬೇಗ ಬಯ್ದುಬಿಡಿ, ಹಿಟ್ಟು ಒಣಗ್ತಿದೆ."

ಪೆನ್ಸಿಲ್ವೇನಿಯಾದ ಆ ಬೆಟ್ಟದೂರಿನಲ್ಲಿ ಕಲ್ಲಿದ್ದಲ ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ರೋಸಲೀ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಶನಿವಾರ ಬಂತೆಂದರೆ ಗುಂಡು ಹಾರಿಸುವ ಕ್ಲಬ್ಬಿಗೆ ಹೋಗಿ ಕಬ್ಬಿಣದ ತಟ್ಟೆಗಳನ್ನು ಉರುಳಿಸುವುದು ಅವಳಿಗಿದ್ದ ಒಂದೇ ಚಟ. ಅವಳಪ್ಪ ಆಂಡಿ ಊರಿನ ಪೊಲೀಸನಾಗಿದ್ದವನು. ಸಾಯುವ ಮುನ್ನ ರಿವಾಲ್ವರನ್ನು ಮಗ ರೇಗೆ ಕೊಡದೆ ಮಗಳ ಕೈಗೇ ಕೊಟ್ಟಿದ್ದ.

ರೇಗೆ ಅದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಅವನು ಅಪ್ಪನ ನೆನಪಿಗೆಂದು ಗಾಜಿನ ಪೆಟ್ಟಿಗೆಯೊಂದನ್ನು ಮಾಡಿಸಿಟ್ಟಿದ್ದ. ಅಪ್ಪನ ಟೋಪಿ ಬಂದಿತ್ತು, ಬಿಲ್ಲೆ ಬಂದಿತ್ತು. ರಿವಾಲ್ವರಿಗೆಂದಿದ್ದ ನಡುವಿನ ಕೆಂಪು ಮಖಮಲ್ಲು ಖಾಲಿ ಬಿದ್ದಿತ್ತು.

ಬಂದೂಕು ರಿಪೇರಿಯ ಡೆಲ್ಬರ್ಟ್ ಕೂಡ ಒಪ್ಪಿರಲಿಲ್ಲ. "ಒಳಗೆಲ್ಲ ಉಜ್ಜಿ ನುಣುಪು ಮಾಡ್ತೀನಿ. ಗುಂಡು ಸರಕ್ಕನೆ ಇಳಿಯೋ ಹಾಗೆ ಉರುಳೆಯ ಆರೂ ಮನೆಗಳ ಬಾಯಿ ಒಂಚೂರು ಸವರಿಕೊಡ್ತೀನಿ. ಹ್ಯಾಮರಿನ ಕೊಂಬು ಮಾತ್ರ ಮುಟ್ಟಲ್ಲ ರೋಸಿ. ಅದರ ಮೇಲೆ ಆಂಡಿಯ ಹೆಬ್ಬೆರಳಿದೆ."

ಸುಳ್ಳಲ್ಲ. ಹೆಬ್ಬೆರಳಿನಿಂದ ಹಿಂದಕ್ಕೆಳೆಯುವ ಆ ಪುಟ್ಟ ಕೊಂಬಿನ ಗೀರುಗಳು, ಸೊಂಟದಲ್ಲಿದ್ದಾಗಲೂ ಅಪ್ಪ ಬೆರಳಾಡಿಸುತ್ತಿದ್ದರಿಂದ ಸವೆದು, ನದಿಯ ಕಲ್ಲಿನಂತೆ ನುಣ್ಣಗಾಗಿದ್ದವು. ಆದರೆ ಪಂದ್ಯದಲ್ಲಿ ಗುಂಡಿಗೆ ಬಡಿಯುವ ಹ್ಯಾಮರನ್ನು ಎಳೆದು ನಿಲ್ಲಿಸುವಷ್ಟು ಪುರುಸೊತ್ತು ಯಾರಿಗಿದೆ? ಟ್ರಿಗರನ್ನೇ ಉದ್ದಕ್ಕೆ ಎಳೆಯಬೇಕು, ಮತ್ತೆ ಎಳೆಯಬೇಕು. ಅಲ್ಲಿ ಕೊಂಬು ಬರೀ ಭಾರ. ಅವಳೇ ಹ್ಯಾಮರನ್ನು ಬಿಚ್ಚಿ ಇಕ್ಕುಳಕ್ಕೆ ಕಚ್ಚಿಸಿ, ಗರಗಸ ಹಿಡಿದಳು. ಆಮೇಲೆ ಅರದಿಂದ ಉಜ್ಜಿದಳು. ಉಕ್ಕಿನ ಪುಡಿ ಮಡಿಲಲ್ಲಿ ಮಿನುಗಿತು. ಅಳು ಬರಬಹುದೆಂದು ಒಂದು ಗಳಿಗೆ ಕಾದಳು. ಬರಲಿಲ್ಲ.

ಇನ್ನೊಂದು ಕೆಲಸವನ್ನು ಡೆಲ್ಬರ್ಟನಿಗೂ ಹೇಳದೆ ಮಾಡಿದ್ದಳು. ಬಸ್ಸಿನ ಸ್ಟೀರಿಂಗ್ ಹಿಡಿದು ಹಿಡಿದು ಅವಳ ಬೆರಳು ಮರಗಟ್ಟಿತ್ತು. ಟ್ರಿಗರ್ ಇನ್ನಷ್ಟು ಹಗುರಾಗಲೆಂದು, ಸ್ಪ್ರಿಂಗನ್ನು ಬಿಗಿಹಿಡಿಯುವ ತಿರುಪನ್ನು ತುಸು ಸಡಿಲಿಸಿದ್ದಳು. ಅದು ಸಡಿಲಾದಷ್ಟೂ ಬೆರಳಿಗೆ ಸುಖ, ಗುಂಡಿನ ಬೆನ್ನಿಗೆ ಬೀಳುವ ಹ್ಯಾಮರಿನ ಏಟು ಮಾತ್ರ ಮೆತ್ತಗೆ; ಒಮ್ಮೊಮ್ಮೆ ಗುಂಡು ಸಿಡಿಯುವುದೇ ಇಲ್ಲ. ರಿವಾಲ್ವರ್ ಹಿಡಿದವರೆಲ್ಲ ಒಂದಲ್ಲ ಒಂದು ದಿನ ಬೀಳುವ ಆಸೆ ಅದು.

ರೇ ಮನೆಗೇ ಬಂದ. ಹೊಸಿಲು ದಾಟಲಿಲ್ಲ.

"ಅಪ್ಪನ ಮೂಗು ಕೊಯ್ದ ಹಾಗಾಯ್ತಲ್ಲೇ!"

"ಅಪ್ಪನಿಗೆ ಮೂಗು ದೊಡ್ಡದೇ ಇತ್ತು ಬಿಡು."

"ತಮಾಷೆ ಬೇಡ. ಉಳಿದಿರೋದನ್ನಾದ್ರೂ ಪೆಟ್ಟಿಗೆಗೆ ಕೊಡು. ಇನ್ನೇನು ಉಳಿಸ್ತೀಯೋ, ಏನು ಕಡೀತೀಯೋ."

"ಶನಿವಾರ ಪಂದ್ಯಕ್ಕೆ ಬಾ," ಎಂದಳು ರೋಸಲೀ. "ಆರು ತಟ್ಟೆ, ಆರು ಗುಂಡು. ಒಂದು ತಟ್ಟೆ ನಿಂತಿದ್ರೂ ರಿವಾಲ್ವರ್ ನಿಂದು. ಆರೂ ಬಿದ್ರೆ, ಆ ಪೆಟ್ಟಿಗೆ ಸುದ್ದಿ ಮತ್ತೆ ನನ್ನ ಹತ್ರ ಎತ್ತಬೇಡ."

ಶನಿವಾರ ರೇ ಒಬ್ಬನೇ ಬರಲಿಲ್ಲ, ದಳದ ಅರ್ಧ ಮಂದಿ ಬೆನ್ನಿಗಿದ್ದರು. ಹೊತ್ತು ಅಳೆಯುವ ಗಂಟೆ ಕಿರುಚಿತು. ಮೊದಲ ತಟ್ಟೆ ಬಿತ್ತು, ಎರಡನೆಯದು, ಮೂರನೆಯದು. ನಾಲ್ಕನೆಯ ಸಲ ಟಿಕ್ ಎಂದಿತು, ಅಷ್ಟೇ.

"ನೋಡಿದ್ರಾ?" ರೇಯ ದನಿ. "ಕೈಕೊಡ್ತು."

ತಿರುಪು, ಎಂದುಕೊಂಡಳು ಅವಳು. ನನ್ನದೇ ತಪ್ಪು. ಆದರೆ ಬೆರಳು ನಿಲ್ಲಲಿಲ್ಲ. ರಿವಾಲ್ವರಿನಲ್ಲಿ ಮತ್ತೆ ಎಳೆದರೆ ಉರುಳೆ ತಿರುಗಿ ಪಕ್ಕದ ಗುಂಡು ಎದುರಿಗೆ ಬರುತ್ತದೆ. ಐದನೆಯ ಗುಂಡಿಗೆ ನಾಲ್ಕನೆಯ ತಟ್ಟೆ ಬಿತ್ತು, ಆರನೆಯದಕ್ಕೆ ಐದನೆಯ ತಟ್ಟೆ. ಒಂದು ನಿಂತೇ ಇತ್ತು, ಬೆಳ್ಳಗೆ.

"ಸಾಕು ಬಾರೇ ರೋಸಿ, ಮುಗೀತು!" ಯಾರೋ ಕೂಗಿದರು.

ಅವಳು ಎಳೆದಳು. ಖಾಲಿ ಮನೆ, ಟಿಕ್. ಹಿಂದೆ ನಗೆ ಎದ್ದಿತು. ಮತ್ತೆ ಟಿಕ್. ಒಬ್ಬ ಕೇಕೆ ಹಾಕಿದ. ಮತ್ತೊಮ್ಮೆ ಟಿಕ್. ನಳಿಗೆಯ ತುದಿ ಮಾತ್ರ ತಟ್ಟೆಯಿಂದ ಕದಲಲಿಲ್ಲ. ಉರುಳೆ ಪೂರ್ತಿ ಒಂದು ಸುತ್ತು ಬಂದು, ಹಾರದೆ ಉಳಿದಿದ್ದ ಗುಂಡು ಮತ್ತೆ ಹ್ಯಾಮರಿನಡಿ ನಿಂತಿತು. ಎರಡನೆಯ ಏಟಿಗೆ ಅದು ಸಿಡಿಯಿತು. ಆರನೆಯ ತಟ್ಟೆ ಹಿಂದಕ್ಕೆ ಮಗುಚಿತು.

ನಗೆ ಎಲ್ಲಿ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ.

ಅವಳು ಉರುಳೆ ಹೊರಗೆಳೆದು ಖಾಲಿ ತೋಟೆಗಳನ್ನು ಕೆಡವಿದಳು. "ಎಷ್ಟು ನಿಂತಿದೆ, ಎಣಿಸು ರೇ."

"ಇದು ಗೆಲ್ಲೋದೇನೇ? ನಿನ್ನ ಹೊತ್ತು ನೋಡು, ಎಲ್ಲರಿಗಿಂತ ಕೊನೆ."

"ಕೊನೇನೇ. ನಾನು ಹೊತ್ತಿನ ಮಾತಾಡಿರಲಿಲ್ಲ."

"ಮೂವತ್ತು ವರ್ಷ ಅಪ್ಪ ಇದನ್ನ ಸೊಂಟದಲ್ಲಿ..."

"ಸೊಂಟದಲ್ಲೇ ಇಟ್ಟಿದ್ದ. ಪುಣ್ಯಕ್ಕೆ ಹೊರಗೆ ತೆಗೆಯೋ ದಿನ ಬರಲಿಲ್ಲ. ಇಷ್ಟು ವರ್ಷ ಚರ್ಮದೊಳಗೆ ಮಲಗಿತ್ತಲ್ಲ, ಈಗ ಗಾಜಿನೊಳಗೆ ಮಲಗಿಸಬೇಕಾ?"

ರೇಯ ಬೆನ್ನಿಗಿದ್ದವರು ತಂತಮ್ಮ ಬೂಟು ನೋಡಿಕೊಂಡರು.

ರೋಸಲೀ ಬಂದೂಕು ಬಿಚ್ಚಲೆಂದೇ ಮೂಲೆಯಲ್ಲಿಟ್ಟಿದ್ದ ಮೇಜಿಗೆ ಹೋದಳು. ಡೆಲ್ಬರ್ಟ್ ಓಡಿ ಬಂದು ಕೈಚಾಚಿದ. ಕೊಡಲಿಲ್ಲ. ತಾನು ಸಡಿಲಿಸಿದ್ದ ತಿರುಪನ್ನು ತಾನೇ ಕೊನೆಯವರೆಗೆ ಬಿಗಿದಳು. ಒಮ್ಮೆ ಟ್ರಿಗರ್ ಎಳೆದು ನೋಡಿದಳು. ಗಟ್ಟಿಯಾಗಿತ್ತು. ಬೆರಳಿನ ಗೆಣ್ಣು ಚುಳ್ಳೆಂದಿತು.

"ನೋವಾಗುತ್ತೆ ಕಣೇ," ಎಂದ ಡೆಲ್ಬರ್ಟ್ ಮೆಲ್ಲಗೆ.

"ಆಗಲಿ," ಎಂದಳು. ಆಮೇಲೆ ಹೆಸರು ಕೂಗುವವನತ್ತ ತಿರುಗಿ, ಎಲ್ಲರಿಗೂ ಕೇಳುವಂತೆ, "ಎರಡನೇ ಸುತ್ತಿಗೂ ಹುಡಾಕ್ ಅಂತ ಬರ್ಕೋ," ಎಂದಳು.