ಪೀಪಾಯಿಗಳಿಗೆ ಸಾವು ತಿಳಿಸಿದವಳು

ಅಲೋಯಿಸ್ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಅವನ ದ್ರಾಕ್ಷಿತೋಟದ ಆಳು ಒಟ್ಟೀಲಿಯ, ಫೋನು ಕೆಳಗಿಟ್ಟವಳೇ ದೀಪ ಹಿಡಿದು ನೆಲಮಾಳಿಗೆಗೆ ಇಳಿದಳು. ವೈನಿನ ಒಂದೊಂದು ಪೀಪಾಯಿಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, "ಯಜಮಾನ್ರು ಹೋದ್ರು, ತಿಳೀತಾ?" ಎಂದಳು. ಹೇಳದಿದ್ದರೆ ವೈನು ಮುನಿದು ಕೆಡುತ್ತದೆಂಬುದು ಮೋಸೆಲ್ ನದಿಯ ಮೇಲ್ದಂಡೆಯ ನಮ್ಮ ಹಿರಿಯರ ನಂಬಿಕೆ. ಅಲೋಯಿಸನ ಮಗಳು ಗುಂಡುಲಳಿಗೆ ಅವಳು ಫೋನು ಮಾಡಿದ್ದು ಆಮೇಲೆ.

ಒಟ್ಟೀಲಿಯಳಿಗೆ ಅರವತ್ತು ದಾಟಿದೆ. ಬುಟ್ಟಿ ಹೊತ್ತು ಜಾರಿಬಿದ್ದಂದಿನಿಂದ ಎಡ ಮೊಣಕಾಲು ಸರಿಯಾಗಿ ಬಾಗುವುದಿಲ್ಲ. ಆದರೂ ಚಳಿಗಾಲದ ನಸುಕಿನಲ್ಲಿ ಸುಣ್ಣಕಲ್ಲಿನ ಇಳಿಜಾರು ಹತ್ತಿ ಕತ್ತರಿಯಿಂದ ಬಳ್ಳಿ ಸವರುತ್ತಾಳೆ. ಅವಳು ಸಾಕುವುದು ಎಲ್ಬ್ಲಿಂಗ್ ಎಂಬ ಬಿಳಿ ದ್ರಾಕ್ಷಿಯನ್ನು. ನದಿಯ ಕೆಳದಂಡೆಯ ರೀಸ್ಲಿಂಗ್ ವೈನಿಗೆ ದೊಡ್ಡ ಊರುಗಳಲ್ಲಿ ಮರ್ಯಾದೆ; ನಮ್ಮದು ಹೆಚ್ಚಾಗಿ ಕಾರ್ಖಾನೆ ಸೇರಿ, ನೊರೆ ವೈನಿನಲ್ಲಿ ಹೆಸರಿಲ್ಲದೆ ಬೆರೆಯುತ್ತದೆ. ನಮ್ಮ ಬೀದಿಯಲ್ಲಿ ಅದನ್ನು ಅದರದೇ ಹೆಸರಿನಲ್ಲಿ ಸೀಸೆಗೆ ತುಂಬುತ್ತಿದ್ದವನು ಅಲೋಯಿಸ್ ಒಬ್ಬನೇ.

"ಇದರ ಹುಳಿಗೆ, ಒಬ್ಬನಿಗೆ ಕುಡಿಸೋಕೆ ಇಬ್ರು ಹಿಡ್ಕೋಬೇಕು ಅಂತ ನಗ್ತಾರೆ," ಎನ್ನುತ್ತಾಳೆ ಅವಳು. "ನಗ್ಲಿ ಬಿಡಿ. ರೀಸ್ಲಿಂಗ್ ಕುಡಿದ್ರೆ ಅದರ ಬಗ್ಗೆನೇ ಮಾತಾಡ್ಬೇಕು. ಇದನ್ನ ಕುಡಿದ್ರೆ ಎದುರಿಗೆ ಕೂತೋರ ಹತ್ರ ಮಾತಾಡ್ಬೋದು."

ಟ್ರಿಯರ್ ಪಟ್ಟಣದಿಂದ ಬಂದ ಗುಂಡುಲ ಅಂದೇ ಹೇಳಿಬಿಟ್ಟಳು: "ಒಟ್ಟೀ, ಸೋಮವಾರ ಲಾರಿ ಬರುತ್ತೆ. ಇರೋದೆಲ್ಲಾ ಕಾರ್ಖಾನೆಗೆ. ಬಳ್ಳೀನೂ ಕೀಳಿಸ್ತೀನಿ. ಅಪ್ಪನ ಹಟ ಅಪ್ಪನ ಜೊತೆಗೇ ಹೋಯ್ತು."

"ಮನೆ ನಿಂದು ತಾಯಿ. ಮಣ್ಣಿನ ದಿನ ಊಟಕ್ಕೆ ಯಾವ ವೈನಿಡ್ತೀಯ?"

"ರೀಸ್ಲಿಂಗ್ ತರಿಸಿದೀನಿ. ಬಂದೋರ ಮುಂದೆ ಮಾನ ಬೇಡ್ವಾ?"

ಅಂತ್ಯಕ್ರಿಯೆ ಮುಗಿಸಿ ಬಂದವರಿಗೆ ಒಟ್ಟೀಲಿಯ ತಾನೇ ಹೊಳೆಯ ಸಣ್ಣ ಮೀನು ಹುರಿದಿಟ್ಟಳು. ಪಕ್ಕದಲ್ಲಿ ಎಲ್ಬ್ಲಿಂಗ್ ತುಂಬಿದ ಒಂದು ಹೂಜಿ.

"ತಾರೇ ಇಲ್ಲಿ ಆ ಹುಳೀನ!" ಎಂದು ದೋಣಿ ನಡೆಸುವ ಮುದುಕ ಕ್ಲೆಮೆನ್ಸ್ ಲೋಟ ಚಾಚಿದ. "ಅಲೋಯಿಸ್‌ನ ಕಳಿಸೋಕೆ ಬಂದು ಕಂಡೋರ ಮನೆ ವೈನು ಕುಡಿಯೋದಾ?"

ಹೂಜಿ ಕೈಯಿಂದ ಕೈಗೆ ಸಾಗಿ ಗುಂಡುಲಳ ಮುಂದೆ ನಿಂತಿತು. ಅವಳು ಮೀನು ತಿಂದು ಒಂದು ಗುಟುಕು ಕುಡಿದಳು. ಹಸಿರು ಸೇಬಿನ ಹುಳಿ, ನಿಂಬೆ ಸಿಪ್ಪೆಯ ಘಮ, ಕೊನೆಗೆ ಒದ್ದೆ ಸುಣ್ಣಕಲ್ಲಿನ ತಂಪು. ಜಿಡ್ಡೆಲ್ಲ ಹೋಗಿ ಬಾಯಿ ಹೊಸದಾಗುತ್ತದೆ. ಲೋಟ ಕೆಳಗಿಟ್ಟು, "ಅಪ್ಪ ಪಕ್ಕದಲ್ಲೇ ಊಟಕ್ಕೆ ಕೂತ ಹಾಗಿದೆ," ಎಂದಳು. ಕಣ್ಣೊರೆಸಿಕೊಂಡು, "ಒಂದು ಪೀಪಾಯಿ ಇರ್ಲಿ. ಮೇಲಿನ ಹಳೇ ಬಳ್ಳೀನೂ ಇರ್ಲಿ. ಆದ್ರೆ ನೋಡ್ಕೊಳ್ಳೋಳು ನೀನೇ," ಎಂದು ಒಟ್ಟೀಲಿಯಳಿಗೆ ಹೇಳಿದಳು.

"ಇನ್ಯಾರು, ನಿನ್ನ ರೀಸ್ಲಿಂಗ್ ಬಂದು ನೋಡ್ಕೊಳ್ಳುತ್ತಾ?"

ಸೋಮವಾರ ಲಾರಿ ಉಳಿದುದನ್ನೆಲ್ಲ ಒಯ್ದಿದೆ. ಕೆಳಗಿನ ಸಾಲುಗಳ ಬಳ್ಳಿ ಕೀಳುವ ಸದ್ದು ಕೇಳುತ್ತಿದೆ. ಒಟ್ಟೀಲಿಯ ಅತ್ತ ನೋಡದೆ ಮೇಲಿನ ಸಾಲು ಸವರುತ್ತಿದ್ದಾಳೆ. ಏನು ಆಸೆಯೆಂದು ಕೇಳಿದರೆ, "ಸೀಸೆ ಮೇಲೆ ಎಲ್ಬ್ಲಿಂಗ್ ಅಂತ ದಪ್ಪಕ್ಷರದಲ್ಲಿ ಇರ್ಲಿ. ಯಜಮಾನ್ರು ಹಾಗೇ ಬರೆಸ್ತಿದ್ರು," ಎನ್ನುತ್ತಾಳೆ.

ಕರುಣಾಳುವಾದ ಪ್ರಭುವೇ, ಯಾರೂ ಲೆಕ್ಕಕ್ಕಿಡದ ಬಳ್ಳಿಯನ್ನು ಮಗುವಿನಂತೆ ಸಾಕಿದ ನಮ್ಮ ಅಲೋಯಿಸನನ್ನು ನಿನ್ನ ಬಳಿ ಸೇರಿಸಿಕೋ. ದುಡಿದು ದಣಿದ ಆ ಜೀವಕ್ಕೆ ನಿತ್ಯ ವಿಶ್ರಾಂತಿಯನ್ನು ಕೊಡು.