ಟೀ ಗಂಟೆಗೆ ಎದ್ದವನು

ಗಂಟೆ ಹೊಡೆದರೆ ಎದ್ದು ಹೊರಡುವುದು ಶಾಲೆಯಲ್ಲಿ ನಾನು ಕಲಿತ ಒಂದೇ ವಿದ್ಯೆ. ಅದನ್ನು ಪ್ರದರ್ಶಿಸಬಾರದ ದಿನವನ್ನೇ ಆರಿಸಿಕೊಂಡೆ.

ಹುಣಸೂರು ದಾಟಿ ಪಿರಿಯಾಪಟ್ಟಣದ ದಾರಿಯಲ್ಲಿರುವ ತಂಬಾಕು ಕಾರ್ಖಾನೆಯಲ್ಲಿ ನಾನು ಬೇಲು, ಅಂದರೆ ಒತ್ತಿ ಕಟ್ಟಿದ ಎಲೆಯ ಮೂಟೆ, ಹೊರುವ ಗುತ್ತಿಗೆ ಕೂಲಿ. ತಪಾಸಣೆಯ ಸಾಹೇಬರು ಬಂದಾಗ ಕಾಯಂ ನೌಕರರಿಗೆ ಹೊಸ ಮಾಸ್ಕು ಹಂಚಿ, ನಮ್ಮನ್ನು ಹಿಂದಿನ ಗೋಡೌನಿಗೆ ತುಂಬಿ ಬಾಗಿಲು ಮುಂದೆ ಮಾಡುವುದು ಅಲ್ಲಿಯ ಪದ್ಧತಿ. ಕತ್ತಲಲ್ಲಿ ಎಲೆಯ ಘಾಟಿಗೆ ಬರುವ ಸೀನನ್ನು ನುಂಗಿಕೊಂಡು ಕೂರಬೇಕು.

ಆವತ್ತು ನಾವು ಹಾಗೆ ಕೂತಿರುವಾಗಲೇ ಟೀ ಗಂಟೆ ಹೊಡೆಯಿತು. ನನ್ನ ಕಾಲುಗಳು ನನ್ನನ್ನು ಕೇಳದೆ ಎದ್ದವು. ಸ್ಟೀಲ್ ಲೋಟ ಹಿಡಿದು ದಂಡನಾಯಕನಂತೆ ಬಾಗಿಲು ತೆರೆದೆ. "ಎಲ್ಲಿಗ್ಲಾ, ಬಾ ಒಳಿಕೆ" ಎಂದು ಪಿಸುಗುಟ್ಟುತ್ತ, ಎಲೆ ಬಿಡಿಸುವ ಸಾಲಿಗ್ರಾಮದ ಅಕ್ಕ ಹಿಂದೆಯೇ ಓಡಿಬಂದಳು. ಇಬ್ಬರೂ ಸಾಹೇಬರ ಎದುರು ನಿಂತಿದ್ದೆವು.

"ಇವರು ಯಾರು?"

"ಎಲೆ ಮಾರಕ್ಕೆ ಬಂದೋರು ಸಾರ್," ಎಂದ ಸೂಪರ್‌ವೈಸರ್.

ನಾನು ತಿದ್ದಿದೆ. "ಇಲ್ಲ ಸಾರ್, ನಾನಿಲ್ಲೇ ಬೇಲ್ ಒರೋನು. ಈ ಅಕ್ಕ ನನಗಿಂತ ಮೊದ್ಲೇ ಸೇರ್ಕಂಡೋರು."

ಸಾಹೇಬರು ಆಫೀಸಿಗೆ ಹೋದರು. ಯಾರೂ ಬೈಯಲಿಲ್ಲ. ಸಂಜೆ ಸೂಪರ್‌ವೈಸರ್ ತಾನೇ ಬಂದು ನಮ್ಮಿಬ್ಬರ ಕೈಗೂ ಬಿಸ್ಕತ್ತು ಇಟ್ಟ.

"ಚೆನ್ನಾಗ್ ಮಾತಾಡ್ತೀಯ ಕಣ್ಲಾ," ಎಂದು ನಕ್ಕು, ಅವಳತ್ತ ತಿರುಗಿದ. "ನಿಮ್ದು ಯಾವೂರಕ್ಕ?"

ಅಷ್ಟು ದಿನವೂ ಅವಳನ್ನು ಅವನು ಕರೆಯುತ್ತಿದ್ದುದು 'ಏಯ್' ಎಂದು. ಅಕ್ಕ ಬಿಸ್ಕತ್ತು ತಿನ್ನದೆ ಸೆರಗಿಗೆ ಕಟ್ಟಿಕೊಂಡಳು. ಮನೆಗೆ ಮರಳುವ ಕೂಲಿಗಳ ವ್ಯಾನಿನಲ್ಲಿ ಯಾರೂ ನನ್ನನ್ನು ಗೇಲಿ ಮಾಡಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ಬೆಳಗ್ಗೆ, ಕೆಲಸ ಹೋಯಿತೆಂದೇ ನಂಬಿ, ವಿದಾಯ ಭಾಷಣವನ್ನೂ ಸಿದ್ಧಮಾಡಿಕೊಂಡು ಹಾಜರಿ ಮಷೀನಿಗೆ ಹೆಬ್ಬೆಟ್ಟು ಒತ್ತಿದೆ. ಹಸಿರು ದೀಪ. ಕುಣಿಯಬೇಕೆನಿಸಿತು.

ಹಿಂದಿದ್ದ ಅಕ್ಕ ಒತ್ತಿದಳು. ಕೆಂಪು. ಸೀರೆಗೆ ಒರೆಸಿ ಒತ್ತಿದಳು. ಕೆಂಪು.

"ಎಲೆ ಅಂಟು ಇರ್ಬೇಕು, ತೊಳ್ಕಂಡ್ ಬನ್ನಿ," ಎಂದೆ, ದೊಡ್ಡ ಮೆಕ್ಯಾನಿಕ್‌ನಂತೆ. ತೊಳೆದು ಬಂದಳು. ಆಗಲೂ ಕೆಂಪು.

"ಮಷೀನ್ ಕೆಟ್ಟದೆ ಕಣಕ್ಕ," ಎಂದ ಸೂಪರ್‌ವೈಸರ್ ದೂರದಿಂದಲೇ. "ಮನೇಗೋಗಿರಿ, ಫೋನ್ ಮಾಡ್ತೀವಿ."

ಅವಳ ನಂಬರನ್ನು ಅಲ್ಲಿ ಯಾರೂ ಕೇಳಿದವರಲ್ಲ. ಬೇಲು ಹೊರುವ ಬೆನ್ನು ಸಿಗುವುದು ಕಷ್ಟ. ಎಲೆ ಬಿಡಿಸಲು ಬೇರೆ ಹೆಂಗಸರು ಆಗಲೇ ಗೇಟಿನಾಚೆ ಕಾಯುತ್ತಿದ್ದರು.

ನಾನು ಅವಳ ಜೊತೆ ಗೇಟಿನವರೆಗೆ ನಡೆದೆ. ಅವಳು ಸೆರಗು ಬಿಚ್ಚಿ ಬಿಸ್ಕತ್ತನ್ನು ನನ್ನ ಕೈಗಿಟ್ಟಳು.

"ಒಳಿಕೋಗ್ಲಾ. ಇನ್ಮ್ಯಾಕೆ ಗಂಟೆ ಒಡುದ್ರೆ ಅಂಗೇ ಎದ್ಬುಡಬ್ಯಾಡ. ಇಂದ್ಗಡೆ ಯಾರ್ ಬತ್ತಾವ್ರೆ ಅಂತ ಒಸಿ ತಿರುಗಿ ನೋಡು."